ದೀಪದಪ್ಪನ ಪುರಾಣಕ್ಕೆ ಮಂಗಲ

ಆ ಸೆಮಿನಾರ್ ಪ್ರಬಂಧವನ್ನು ನಾನು ಇವತ್ತಿನವರೆಗೂ ಒಪ್ಪಿಸಿಲ್ಲ. ಜಹೀರಾಬಾದಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಗ ನಮ್ಮ ಮೇಷ್ಟ್ರು ಕೊಟ್ಟ ವಿಷಯ ಅದು: ಸೂಪರ್‌ಹೀರೋ ಕಥೆಗಳು ಈ ಕಾಲದ ಪುರಾಣಗಳೇ? ನಾನು ಮೊದಲ ದಿನವೇ ಹಾಳೆಯ ಮೇಲ್ತುದಿಯಲ್ಲಿ ‘ಅಲ್ಲವೇ ಅಲ್ಲ’ ಎಂದು ಬರೆದು ಎರಡು ಗೆರೆ ಎಳೆದಿದ್ದೆ. ವಿಚಾರಣೆಗೆ ಮುಂಚೆಯೇ ತೀರ್ಪು ಕೊಡುವ ಚಟ ನನಗೆ ಆಗಲೇ ಇತ್ತು, ಈಗಲೂ ಪೂರ್ತಿ ಬಿಟ್ಟಿಲ್ಲ. ಬಿಗಿ ಅಂಗಿ ತೊಟ್ಟು ಆಕಾಶದಲ್ಲಿ ಹಾರಿದವನೆಲ್ಲ ದೇವರಾಗುವುದಾದರೆ ಗಾಳಿಪಟಕ್ಕೂ ಒಂದು ಗುಡಿ ಕಟ್ಟಿಸೋಣ ಎಂದು ಗೆಳತಿಯರ ಮುಂದೆ ಹೇಳಿ ನಗಿಸಿದ್ದೆ.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಜೋರಾಗಿ ಕಾಲೇಜಿಗೆ ಬೀಗ ಬಿತ್ತು. ಇವತ್ತು ಬಂದ್, ನಾಳೆ ರಾಸ್ತಾ ರೋಕೋ, ನಾಡಿದ್ದು ಏನೆಂದು ಯಾರಿಗೂ ಗೊತ್ತಿಲ್ಲ. ಸಿಕ್ಕ ಜೀಪು ಹತ್ತಿ ನಾರಾಯಣಖೇಡದ ಹತ್ತಿರದ ನಮ್ಮ ಊರಿಗೆ ಬಂದೆ. ಶ್ರಾವಣ ಹುಟ್ಟಿ ನಾಲ್ಕು ದಿನವಾಗಿತ್ತು. ಮನೆಯಲ್ಲಿ ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಮುಖ ಗಂಟು ಹಾಕಿಕೊಂಡು ಕೂತಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ತಿಂಗಳಿಡೀ ಸಂಜೆ ಓದಿ ಅರ್ಥ ಹೇಳುತ್ತಾರೆ. ಜನ ಸುಮ್ಮನೆ ಕೂತು ಕೇಳಿ ಎದ್ದು ಹೋಗುವುದಿಲ್ಲ. ಕಥೆಯಲ್ಲಿ ಶರಣ ಹುಟ್ಟಿದ ದಿನ ಮಠದಲ್ಲಿ ನಿಜವಾದ ತೊಟ್ಟಿಲು ಕಟ್ಟಿ ಹೆಂಗಸರು ಜೋಗುಳ ಹಾಡುತ್ತಾರೆ. ಕಥೆಯಲ್ಲಿ ಮದುವೆಯಾದರೆ ಊರಿಗೆಲ್ಲ ಅಕ್ಷತೆಗೆ ಅಕ್ಕಿಕಾಳು, ಊಟ. ಕಥೆ ಮುಗಿದ ದಿನ ಆರತಿ ಎತ್ತಿ ಮಂಗಲ. ಆ ವರ್ಷ ಬಸ್ಸಿಲ್ಲದ ಕಾರಣ ಬೀದರ್ ಕಡೆಯಿಂದ ಬರಬೇಕಿದ್ದ ಶಾಸ್ತ್ರಿಗಳು ಬರಲಿಲ್ಲ. ಆಯಿಗೆ ಬುದ್ಧಿ ಬಂದಾಗಿನಿಂದ ಪುರಾಣವಿಲ್ಲದ ಶ್ರಾವಣ ಅದೇ ಮೊದಲು.

“ರಾಜ್ಯ ಬರಲಿ, ಬ್ಯಾಡ ಅನ್ನಂಗಿಲ್ಲ,” ಎಂದಳು ಆಯಿ. “ಆದರ ಶಾಸ್ತ್ರಿಗೋಳ ಬಸ್ಸು ಒಂದು ಬಿಡಬೇಕಿತ್ತು.”

ನನ್ನ ತಮ್ಮ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಟ್ರಂಕಿನಲ್ಲಿ ಹಿಂದಿ ಕಾಮಿಕ್ಸ್ ಪುಸ್ತಕಗಳಿದ್ದವು, ಎಂಟು. ಜಹೀರಾಬಾದ್ ಬಸ್‌ಸ್ಟ್ಯಾಂಡ್ ಬಳಿಯ ಬಾಡಿಗೆ ಅಂಗಡಿಯಿಂದ ತಂದು ವಾಪಸು ಕೊಡದೆ ಉಳಿಸಿಕೊಂಡವು. ನನಗೆ ತಲೆಯಲ್ಲಿ ಒಂದು ಕುತಂತ್ರ ಹೊಳೆಯಿತು. ಅರವತ್ತು ಶ್ರಾವಣ ಪುರಾಣ ಕೇಳಿದ ಕಿವಿ ಇದು. ಈ ಕಿವಿಯೇ ‘ಇದೆಂಥಾ ಪುರಾಣ, ತೆಗಿ’ ಎಂದುಬಿಟ್ಟರೆ ನನ್ನ ಪ್ರಬಂಧಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

“ಆಯಿ, ನಾ ಹೇಳ್ತೀನಿ ಪುರಾಣ. ಎದ್ದು ಕೂಡು,” ಎಂದೆ. ಚೇಷ್ಟೆ ಹೆಚ್ಚಾಗಿ, ದೇವರ ಗೂಡಿನಿಂದ ವಿಭೂತಿ ತಂದು ಕಾಮಿಕ್ಸಿನ ರಟ್ಟಿಗೆ ಮೂರು ಬೆರಳು ಎಳೆದೆ. ಮುಂದೆ ಒಂದು ತೆಂಗಿನಕಾಯಿ ಇಟ್ಟೆ. ಆಯಿ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಕಾಲು ತೊಳೆದುಕೊಂಡು ಬಂದು, ದೀಪ ಹಚ್ಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಳು.

ನಾನು ಮಾಡಿದ ತಪ್ಪು ಅದು. ನಮ್ಮ ಮನೆತನದಲ್ಲಿ ಕಾಯಿ ಇಟ್ಟು ಹಚ್ಚಿದ ಪುರಾಣ ಮಂಗಲ ಕಾಣಲೇಬೇಕು. ಅಲ್ಲಿಯವರೆಗೆ ಮನೆಯ ಹಿರಿಯರು ಒಪ್ಪತ್ತು ಇರಬೇಕು, ದಿನಕ್ಕೆ ಒಂದೇ ಊಟ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಆಯಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತು.

ಕೇಳಲು ಓಣಿಯ ನಾಲ್ಕಾರು ಹೆಂಗಸರು ಬಂದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹೊರಗೆ, ಹೊಸ್ತಿಲಾಚೆಯ ಮೆಟ್ಟಿಲ ಮೇಲೆ, ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ಕೂರುತ್ತಿದ್ದಳು. ಊರ ಹೊರಗಿನ ಓಣಿಯವಳು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವಳು, ನನ್ನ ಅವ್ವನ ವಯಸ್ಸಿನವಳು. ನಾನು ಅವಳನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಒಳಗೆ ಬಾ ಎಂದು ನಾವು ಯಾರೂ ಕರೆದವರಲ್ಲ. ಅದು ತಪ್ಪೆಂದು ನನಗೆ ಆಗ ಹೊಳೆದೂ ಇರಲಿಲ್ಲ.

ಕಥೆ ಹೀಗಿತ್ತು. ಒಂದು ದೊಡ್ಡ ಶಹರದಲ್ಲಿ ಒಬ್ಬ ಲೈನ್‌ಮನ್. ಮಳೆಯಲ್ಲಿ ಕಂಬ ಹತ್ತಿದಾಗ ಕರೆಂಟು ಹೊಡೆದು, ಸಾಯುವ ಬದಲು ಅವನ ಅಂಗೈಗಳಲ್ಲಿ ಬೆಳಕು ಬರುತ್ತದೆ. ತಂತಿಗಳ ಮೇಲೆ ನಡೆಯುತ್ತಾನೆ, ಮುಟ್ಟಿದರೆ ಮುಳುಗುವ ಹಡಗು ಮೇಲೇಳುತ್ತದೆ. ಒಂದೇ ಒಂದು ಶಾಪ: ಅವನು ಯಾರನ್ನು ಮುಟ್ಟಿ ಉಳಿಸುತ್ತಾನೋ ಅವರು ಅವನನ್ನು ಮರೆತುಬಿಡುತ್ತಾರೆ.

ನಮ್ಮವರಿಗೆಲ್ಲ ದಖನಿ ಉರ್ದು ಬರುತ್ತಿತ್ತು, ಹಿಂದಿ ಹಾಗೇ ಓದಿದ್ದರೂ ತಿಳಿಯುತ್ತಿತ್ತು. ಆದರೆ ಪುರಾಣ ಕನ್ನಡದಲ್ಲೇ ಆಗಬೇಕೆಂದು ಆಯಿಯ ಹಟ. ನಾನು ಕನ್ನಡ ಮಾಡುತ್ತ ಹೋದೆ. ಅವನ ಇಂಗ್ಲಿಷ್ ಹೆಸರು ಆಯಿಯ ನಾಲಿಗೆಗೆ ಹೊರಳಲಿಲ್ಲ. “ದೀಪದಪ್ಪ ಅನ್ನು,” ಎಂದಳು. ಅಂದಿನಿಂದ ಅವನು ದೀಪದಪ್ಪನಾದ.

“ನಮ್ಮೂರ ಲೈನ್‌ಮನ್ನಗ ಕರೆಂಟು ಹೊಡದರೂ ಬೆಳಕು ಬರಂಗಿಲ್ರಿ,” ಎಂದು ಮೆಟ್ಟಿಲ ಮೇಲಿನವಳು ಹೇಳಿದಾಗ ಎಲ್ಲರೂ ನಕ್ಕರು. ದಿನಕ್ಕೆ ಎಂಟು ತಾಸು ಕರೆಂಟು ಹೋಗುತ್ತಿದ್ದ ಕಾಲ ಅದು. ಪ್ರಶ್ನೆಗಳನ್ನು ಹೆಚ್ಚು ಕೇಳುತ್ತಿದ್ದವಳೂ ಅವಳೇ. ಉಳಿಸಿದ ಮೇಲೆ ಅವನು ಏನು ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ, ಮನೆಯಲ್ಲಿ ಯಾರಿದ್ದಾರೆ. ಬರೆದವರು ಅಂಥದ್ದನ್ನೆಲ್ಲ ಬರೆದಿರಲಿಲ್ಲ.

ಮೂರನೆಯ ಪುಸ್ತಕದಲ್ಲಿ ಹಿಂದಿನ ಕಥೆ ಬಂತು. ಬಡ ವಿಧವೆಯೊಬ್ಬಳಿಗೆ ಅವನು ಹುಟ್ಟಿದ್ದು ಎರಡೇ ಚಿತ್ರದಲ್ಲಿ ಮುಗಿದಿತ್ತು. ನಾನು ಪುಟ ತಿರುಗಿಸಲು ಹೋದರೆ ಆಯಿ ಕೈ ಹಿಡಿದಳು. “ಹುಟ್ಟ್ಯಾನ. ಹಂಗ ಹ್ಯಾಂಗ ಮುಂದ ಹೋಗ್ತಿ?” ಅಟ್ಟದ ಮೇಲಿನ ತೊಟ್ಟಿಲು ಇಳಿಯಿತು. ಒಳಗೆ ರುಬ್ಬುಗುಂಡಿಗೆ ಕೂಸಿನ ಕುಂಚಿಗೆ ತೊಡಿಸಿ ಮಲಗಿಸಿದರು, ನಿಜವಾದ ಕೂಸಿಗೆ ಮುಂಚೆ ಗುಂಡು ಮಲಗಿಸುವ ಪದ್ಧತಿಯಂತೆ. ಹೆಂಗಸರು ಸುತ್ತ ನಿಂತು ತೂಗುತ್ತ ಜೋಗುಳ ಹೇಳಿದರು. ಹೊರಗಿನವಳು ಹೊರಗಿನಿಂದಲೇ ದನಿ ಕೂಡಿಸಿದಳು.

ನಾನು ನಗಲು ಸಿದ್ಧಳಾಗಿ ನಿಂತಿದ್ದೆ. ನಗು ಬರಲಿಲ್ಲ. ಯಾವುದೋ ಊರಿನಲ್ಲಿ ಯಾರೋ ಹೊಟ್ಟೆಪಾಡಿಗೆ ಬರೆದ, ನನ್ನ ತಮ್ಮ ಕದ್ದು ಇಟ್ಟುಕೊಂಡ ಪುಸ್ತಕ. ಅದರೊಳಗಿನ ಹುಡುಗನಿಗೆ ನಮ್ಮ ಪಡಸಾಲೆಯಲ್ಲಿ ಏಳು ಜನ ಹೆಂಗಸರು ಜೋಗುಳ ಹಾಡುತ್ತಿದ್ದರು, ಅದೂ ಕಣ್ಣು ಮುಚ್ಚಿಕೊಂಡು. ಆ ರುಬ್ಬುಗುಂಡು ಅಳುತ್ತದೇನೋ ಎಂದು ಒಮ್ಮೆ ಇಣುಕಿಯೂ ನೋಡಿದೆ.

ಎಂಟನೆಯ ಸಂಜೆ ಎಂಟನೆಯ ಪುಸ್ತಕ. ಕುಸಿಯುತ್ತಿರುವ ಕಟ್ಟಡದಲ್ಲಿ ದೀಪದಪ್ಪನ ತಾಯಿ ಸಿಕ್ಕಿಕೊಂಡಿದ್ದಾಳೆ. ಮುಟ್ಟಿದರೆ ಉಳಿಯುತ್ತಾಳೆ, ಮಗನನ್ನು ಮರೆಯುತ್ತಾಳೆ. ಮುಟ್ಟದಿದ್ದರೆ ಮಗನ ಹೆಸರು ಹೇಳುತ್ತಲೇ ಸಾಯುತ್ತಾಳೆ. ಕೊನೆಯ ಚಿತ್ರದಲ್ಲಿ ಹೊಳೆಯುವ ಕೈ, ತಾಯಿಯ ಹಣೆ, ನಡುವೆ ಒಂದು ಬೆರಳಿನಷ್ಟು ಜಾಗ. ಕೆಳಗೆ ‘ಮುಂದಿನ ಸಂಚಿಕೆಯಲ್ಲಿ’.

“ಮುಂದ?” ಎಂದಳು ಆಯಿ.

“ಮುಂದಿಂದು ಇಲ್ಲ ಆಯಿ. ಇಷ್ಟೇ ಅದಾವ.”

ಮೆಟ್ಟಿಲ ಮೇಲಿನವಳು ಮೊಣಕಾಲಿಗೆ ಗಲ್ಲ ಒತ್ತಿಕೊಂಡು ಆಯಿಯನ್ನೇ ನೋಡುತ್ತಿದ್ದಳು. ಆಯಿ ಅವಳ ಕಡೆ ನೋಡದೆ ಎದ್ದು ಒಳಗೆ ಹೋದಳು.

ಮರುದಿನದಿಂದ ಕಷ್ಟ ಶುರುವಾಯಿತು. ಎಂಟು ದಿನದ ಒಪ್ಪತ್ತು ಮುಗಿಯಿತೆಂದು ನಾವು ಅಂದುಕೊಂಡರೆ, ಮಂಗಲವಾಗಿಲ್ಲ, ಎರಡನೆಯ ಊಟ ಮಾಡುವುದಿಲ್ಲ ಎಂದಳು ಆಯಿ. ಅಪ್ಪ ಬೈದ, ಅವ್ವ ಅತ್ತಳು. ನಾನು ಕಾಲಿಗೆ ಬಿದ್ದು, ಅದೆಲ್ಲ ಚೇಷ್ಟೆ, ಆ ಪುಸ್ತಕ ಪುರಾಣವೇ ಅಲ್ಲ ಎಂದೆ. “ತೊಟ್ಟಿಲು ತೂಗಿದ ಮ್ಯಾಲ ಅಲ್ಲ ಅಂದರ ಹ್ಯಾಂಗ?” ಎಂದಳು ಆಯಿ. “ನಡುವ ಬಿಟ್ಟರ ಆ ತಾಯಿ ಅಲ್ಲೇ ಸಿಕ್ಕೊಂಡಿರತಾಳ. ನಾ ಇಲ್ಲಿ ರೊಟ್ಟಿ ಮುರೀಲೇನು?” ಗುಳಿಗೆ ಮಾತ್ರ ಎರಡು ಹೊತ್ತೂ ನುಂಗುತ್ತಿದ್ದಳು. ಹೊಟ್ಟೆಗಿಲ್ಲದೆ ಗುಳಿಗೆ ನುಂಗಿದರೆ ಮೈಯ ಸಕ್ಕರೆ ಪೂರ್ತಿ ಇಳಿದು ಜೀವ ಹೋಗಬಹುದೆಂದು ನಾರಾಯಣಖೇಡದ ಡಾಕ್ಟರು ಮೊದಲೇ ಹೆದರಿಸಿದ್ದರು.

ಮೂರನೆಯ ದಿನ ಸಂಜೆ ಆಯಿ ಪಡಸಾಲೆಯಲ್ಲಿ ಬೆವರಿ ಕುಸಿದಳು. ನಾನು ಕಂಬ ಹಿಡಿದು ನಿಂತೇ ಇದ್ದೆ. ಹೊಸ್ತಿಲು ದಾಟಿ ಓಡಿಬಂದವಳು ಮೆಟ್ಟಿಲ ಮೇಲಿನವಳು. ಆಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಸಕ್ಕರಿ ತಾ, ನೋಡಕೋತ ನಿಲ್ಲಬ್ಯಾಡ,” ಎಂದು ನನ್ನನ್ನು ಗದರಿ, ಬೆರಳಿನಿಂದ ಸಕ್ಕರೆಯನ್ನು ಆಯಿಯ ನಾಲಿಗೆಗೆ ಸವರಿದಳು. ಆಯಿ ಕಣ್ಣು ಬಿಟ್ಟು ಯಾರ ತೊಡೆ ಎಂದು ನೋಡಿದಳು, ಮತ್ತೆ ಮುಚ್ಚಿಕೊಂಡಳು. ಆಯಿ ಚೇತರಿಸಿಕೊಂಡ ಮೇಲೆ ಆ ಹೆಂಗಸು ಎದ್ದು ತನ್ನ ಮೆಟ್ಟಿಲಿಗೇ ಹೋಗಿ ಕೂತಳು.

ನನಗೆ ಭಯ ಹುಟ್ಟಿತು. ಮರುದಿನ ಬೆಳಿಗ್ಗೆ ಸೋದರಮಾವನ ಮೋಟರ್‌ಸೈಕಲ್ ಹತ್ತಿ ಒಂಬತ್ತನೆಯ ಪುಸ್ತಕ ಹುಡುಕಲು ಹೊರಟೆ. ಹೊರಡುವಾಗ ಮೆಟ್ಟಿಲ ಮೇಲಿನವಳು ಒಂದು ಬಟ್ಟೆಯ ಗಂಟು ಕೊಟ್ಟಳು. ಅವಳ ಮಗಳನ್ನು ತಾಂಡೂರಿನ ಹತ್ತಿರ ಯಾಲಾಲ್ ಕಡೆ ಕೊಟ್ಟಿದ್ದರು. ಆ ಕಡೆ ಹೋದರೆ ಕೊಡಬೇಕು ಎಂದಳು.

ನಾರಾಯಣಖೇಡದಲ್ಲಿ ಅಂಥ ಅಂಗಡಿಯೇ ಇಲ್ಲ. ಜಹೀರಾಬಾದಿಗೆ ಹೊಲದ ದಾರಿ ಹಿಡಿದು ಹೋದೆವು. ಹೆದ್ದಾರಿಯ ಮೇಲೆ ಜನ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ರಸ್ತೆಯಲ್ಲೇ ಬೇಯಿಸಿ ರಸ್ತೆಯಲ್ಲೇ ಉಣ್ಣುವ ಚಳವಳಿ ಅದು. ಲಾರಿಗಳು ಕಣ್ಣು ಹರಿಯುವಷ್ಟು ದೂರ ನಿಂತಿದ್ದವು. ಗುರುತಿಲ್ಲದ ಹೆಣ್ಣುಮಗಳೊಬ್ಬಳು ತೆಲುಗಿನಲ್ಲಿ ಗದರಿ ನನ್ನ ಕೈಗೆ ಬಿಸಿ ಅನ್ನದ ಎಲೆ ಕೊಟ್ಟಳು. ಮೇಷ್ಟ್ರು, ಗುಮಾಸ್ತರು, ಕೂಲಿಯವರು ಒಂದೇ ಸಾಲಿನಲ್ಲಿ ಟಾರಿನ ಮೇಲೆ ಕೂತು ಉಣ್ಣುತ್ತಿದ್ದರು. ಇಷ್ಟು ಜನ ಒಟ್ಟಿಗೆ ಒಂದನ್ನೇ ಬೇಡುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಪ್ಪತ್ತಿನ ಆಯಿ ನೆನಪಾಗಿ ಎರಡೇ ತುತ್ತು ಉಂಡು ಎದ್ದೆ.

ಬಾಡಿಗೆ ಅಂಗಡಿಗೆ ಬೀಗ. ಪಕ್ಕದ ಚಹಾದವನು, ಅಂಗಡಿಯ ಚಾಚಾ ಪುಸ್ತಕಗಳನ್ನೆಲ್ಲ ಗೋಣಿಗೆ ತುಂಬಿಕೊಂಡು ತಾಂಡೂರಿಗೆ, ತಂಗಿಯ ಮನೆಗೆ ಹೋಗಿದ್ದಾನೆ ಎಂದ. ಮಾವ ಗೊಣಗಿದ, ಆದರೂ ಗಾಡಿ ತಿರುಗಿಸಿದ.

ತಾಂಡೂರು ಮುಟ್ಟುವ ಮುಂಚೆ ಗಂಟು ಕೊಡಲು ಯಾಲಾಲ್ ಕಡೆಯ ಆ ಹಳ್ಳಿಗೆ ಹೋದೆವು. ಮಗಳು ನನ್ನ ವಾರಿಗೆಯವಳು, ಸೊಂಟದ ಮೇಲೆ ಕೂಸಿತ್ತು. ನನ್ನ ಮುಂಗೈ ಹಿಡಿದುಕೊಂಡು ಬಿಡಲೇ ಇಲ್ಲ. “ಅವ್ವ ನಿನ್ನ ಸುದ್ದಿ ಭಾಳ ಹೇಳ್ತಾಳ,” ಎಂದಳು. ತಂಬಿಗೆ ತುಂಬ ನೀರು ತಂದಳು. ಮಾವ, ಈಗಷ್ಟೇ ಕುಡಿದೆವು ಎಂದ. ನನಗೆ ಬಾಯಿ ಒಣಗಿತ್ತು. ನಾನೂ ಹಾಗೇ ಅಂದೆ.

ತಾಂಡೂರಿನ ಗಲ್ಲಿಯಲ್ಲಿ, ಕಲ್ಲು ಪಾಲಿಶ್ ಮಾಡುವ ಬಿಳಿ ಧೂಳಿನ ನಡುವೆ, ಚಾಚಾ ಸಿಕ್ಕ. ಗೋಣಿ ಸುರಿದು ಒಂಬತ್ತನೆಯ ಪುಸ್ತಕ ತೆಗೆದು ಕೊಟ್ಟ. ನಿಂತಲ್ಲೇ ಓದಿದೆ. ದೀಪದಪ್ಪ ಸಮುದ್ರದ ಕೆಳಗೆ ಕಳ್ಳರ ಜೊತೆ ಬಡಿದಾಡುತ್ತಿದ್ದ. ಕಟ್ಟಡವಿಲ್ಲ, ತಾಯಿಯೂ ಇಲ್ಲ. ಹತ್ತು, ಹನ್ನೊಂದು, ಹದಿನೈದು ಎಲ್ಲ ತಿರುವಿಹಾಕಿದೆ. ತಾಯಿ ಒಬ್ಬಳಿದ್ದಳೆಂಬುದೇ ಬರೆದವರಿಗೆ ಮರೆತುಹೋಗಿತ್ತು.

“ಇದರ ಕೊನೀ ಭಾಗ ಯಾವುದು ಚಾಚಾ?”

ಚಾಚಾ ನಕ್ಕ. “ಆಖ್ರಿ ಅಂತ ಇರಂಗಿಲ್ಲ ಬೇಟಿ. ಆಖ್ರಿ ಬಂದರ ಮುಂದಿನ ಪುಸ್ತಕ ಯಾರು ಒಯ್ತಾರ?”

ನಿಜ ಹೇಳಬೇಕೆಂದರೆ ಒಂದು ಕ್ಷಣ ನನಗೆ ಖುಷಿಯಾಯಿತು. ಸಿಕ್ಕಿತು ಸಾಕ್ಷಿ! ಪುರಾಣಕ್ಕೆ ಮಂಗಲವಿದೆ, ಇದಕ್ಕಿಲ್ಲ. ಪ್ರಬಂಧ ಅಲ್ಲಿಗೆ ಗೆದ್ದಂತೆಯೇ. ಮರುಕ್ಷಣ ಆಯಿಯ ಬೆವೆತ ಹಣೆ ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆ ಬಂತು. ಗೆದ್ದು ಏನು ಮಾಡಲಿ? ಮನೆಯಲ್ಲಿ ಮುದುಕಿ ಹಸಿದು ಕೂತಿದ್ದಾಳೆ.

ವಾಪಸು ಬರುವ ದಾರಿಯುದ್ದಕ್ಕೂ ಮಂಗಲ ಹೊಸೆದೆ. ಲೈನ್‌ಮನ್ ಅಲ್ಲವೇ, ರಬ್ಬರಿನ ಕೈಗವಸು ಹಾಕಿಕೊಂಡು ಮುಟ್ಟಲಿ! ಬೆಳಕು ತಾಗುವುದಿಲ್ಲ, ತಾಯಿ ಮರೆಯುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಮರುದಿನ ಸಂಜೆ ಎಲ್ಲರೂ ಬಂದರು. ಒಂಬತ್ತನೆಯ ಪುಸ್ತಕ ತೆರೆದು ಕಳ್ಳರ ಚಿತ್ರ ನೋಡುತ್ತ ಕೈಗವಸಿನ ಕಥೆ ಹೇಳಿದೆ. ಹೆಂಗಸರು “ಅದಕ್ಕ ಶಾಣ್ಯಾ ಅನ್ನೂದು!” ಎಂದು ಚಪ್ಪಾಳೆ ತಟ್ಟಿದರು. ಅವ್ವ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಆಯಿ ಮಾತ್ರ ಅಲುಗಾಡಲಿಲ್ಲ.

“ಪುಸ್ತಕದ ಮ್ಯಾಲ ಕೈ ಇಟ್ಟು ಹೇಳು. ಹಂಗ ಬರದಾರ?”

ಕೈ ಇಟ್ಟೆ. ಸುಳ್ಳು ಬಾಯಿಗೆ ಬರಲಿಲ್ಲ. “ಇಲ್ಲ ಆಯಿ. ಬರದವರು ಅಕಿನ್ನ ಮರತು ಮುಂದ ಹೋಗ್ಯಾರ.”

ಆಯಿ ಪುಸ್ತಕವನ್ನು ತನ್ನ ಕಡೆ ಎಳೆದು ಮುಚ್ಚಿಟ್ಟಳು. ಆಮೇಲೆ, “ಮುಟ್ಟ್ಯಾನ,” ಎಂದಳು. “ಬರಿಗೈಲೇ ಮುಟ್ಟ್ಯಾನ. ತಾಯಿ ಉಳಿದಾಳ. ಮಗನ್ನ ಮರತಾಳ.”

ಮೆಟ್ಟಿಲ ಮೇಲಿನಿಂದ ದನಿ ಬಂತು. “ಉಳಿದಳಲ್ರಿ ಅವ್ವಾರ. ಅಷ್ಟು ಸಾಕಲ್ರಿ.”

“ಉಳಿಸಿದವರಿಗೆ ಸಾಕು,” ಎಂದಳು ಆಯಿ. “ಮರತವರಿಗೆ ಸಾಕಾಗಬಾರದು.” ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದಳು. “ಅಂವನ ತಾಯಿಗರೆ ಶಾಪ ಇತ್ತು. ನಮಗ ಯಾವ ಶಾಪ ಇತ್ತು? ನಾವು ಬೇಕಂತ ಮರತೀವಿ.”

ಆಯಿ ನನ್ನ ಕಡೆ ತಿರುಗಿ ಹೇಳಿದಳು. ನಾನು ಎಂಟು ತಿಂಗಳ ಕೂಸಿದ್ದಾಗ ಅವ್ವನಿಗೆ ವಿಷಮಜ್ವರವಾಗಿ ಹೈದರಾಬಾದಿನ ಆಸ್ಪತ್ರೆಗೆ ಒಯ್ದಿದ್ದರು, ಎರಡು ತಿಂಗಳು. ಆಕಳ ಹಾಲು ನನಗೆ ಒಗ್ಗಲಿಲ್ಲ. ಕುಡಿದದ್ದೆಲ್ಲ ಕಕ್ಕಿ ಕಡ್ಡಿಯಾದೆ. ಆಗ ಮೆಟ್ಟಿಲ ಮೇಲಿನವಳ ಕಂಕುಳಲ್ಲೂ ಕೂಸಿತ್ತು. ಯಾರೂ ಕೇಳದೆಯೇ ಅವಳು ನನ್ನನ್ನು ಎತ್ತಿಕೊಂಡು ದನದ ಕೊಟ್ಟಿಗೆಯಲ್ಲಿ ಕೂತು ಹಾಲು ಕುಡಿಸಿದಳು. ಎರಡು ತಿಂಗಳು, ದಿನಕ್ಕೆ ನಾಲ್ಕು ಬಾರಿ. ಅವ್ವ ಮರಳಿ ಬಂದ ದಿನ ಆಯಿ ಕೊಟ್ಟಿಗೆಯನ್ನು ತೊಳೆಸಿ, ಅವಳಿಗೆ, ಈ ಮಾತು ಹೊರಗೆ ಬಿದ್ದರೆ ಕುಲ ಕೆಡುತ್ತದೆ, ಬಾಯಿ ಬಿಡಬೇಡ ಎಂದಿದ್ದಳಂತೆ. ಅವಳು ಹತ್ತೊಂಬತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ.

“ಅವತ್ತು ಅಕಿ ನನ್ನ ಬಾಯಾಗ ಸಕ್ಕರಿ ಹಾಕಿದಾಗ ಜೀವ ಹೋಗಿದ್ದರೂ ಚಲೋ ಇತ್ತು ಅನಸ್ತು,” ಎಂದಳು ಆಯಿ. “ನಾ ಮುಂದ ಏನಾತು ಅಂತ ಯಾಕ ಕೇಳಾಕತ್ತಿದ್ದೆ ಗೊತ್ತೇನ? ಕಥಿಯಾಗಿನ ತಾಯಿಗೆ ಒಂದು ದಿನ ನೆನಪು ಬರತದೇನೋ, ಅಷ್ಟು ಹೊತ್ತಿಗೆ ತಡ ಆಗಿರತದೇನೋ ಅಂತ.”

ನನಗೆ ಅವ್ವನನ್ನು ನೋಡುವ ಧೈರ್ಯ ಬರಲಿಲ್ಲ. ಕೂಸು ಆಕಳ ಹಾಲು ಕುಡಿದು ಉಳಿಯಿತು ಎಂದೇ ಅವಳಿಗೂ ಹೇಳಿದ್ದರು. ಮೆಟ್ಟಿಲ ಮೇಲೆ ಕೂತ ಆ ಹೆಂಗಸನ್ನು ನಾನು ನೋಡಿದೆ. ಒರಟು ಕೈ, ಮಾಸಿದ ಸೀರೆ, ಕಾಲಿಗೆ ಹೊಲದ ಮಣ್ಣು. ಹದಿನೈದು ಪುಸ್ತಕ ಓದಿದರೂ ಹುಟ್ಟದ ಬೆರಗು ಆಗ ಹುಟ್ಟಿತು. ನಾನು ಜೀವಂತ ಇರುವುದು ಇವಳಿಂದ. ನಿನ್ನೆಯಷ್ಟೇ ಇವಳ ಮಗಳ ಮನೆಯ ನೀರು ನಾನು ಕುಡಿಯಲಿಲ್ಲ. ನಾನು ಅತ್ತೆ, ಎಲ್ಲರೆದುರಿಗೆ, ಮೂಗು ಒರೆಸಿಕೊಳ್ಳುವುದನ್ನೂ ಮರೆತು.

ಅವ್ವ ಆರತಿ ತಟ್ಟೆ ಹಿಡಿದೇ ಹೊಸ್ತಿಲಿಗೆ ಹೋದಳು. “ಒಳಗ ಬರ್ರಿ ಅಕ್ಕಾ,” ಎಂದಳು. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಆ ‘ರಿ’ ಹಚ್ಚಿರಲಿಲ್ಲ. ಅವಳು ಗಾಬರಿಯಾಗಿ ಎದ್ದು ನಿಂತಳು. ಬೇಡ ಎನ್ನುತ್ತಿದ್ದವಳನ್ನು ಅವ್ವ ಕೈ ಹಿಡಿದು ತಂದು ಪುರಾಣ ಓದುವವರ ಚಾಪೆಯ ಮೇಲೆ ಕೂಡಿಸಿದಳು. ಓಣಿಯ ಹೆಂಗಸರಲ್ಲಿ ಇಬ್ಬರು ಸದ್ದಿಲ್ಲದೆ ಎದ್ದು ಹೋದರು. ಉಳಿದವರು ಮಂಗಲ ಹಾಡಿದರು. ಅವ್ವ ಅವಳಿಗೆ ಆರತಿ ಎತ್ತಿದಳು, ನಾನು ಕಾಲು ಮುಟ್ಟಿದೆ.

“ಭಾಳ ಕಚ್ಚತಿತ್ತು ಇದು,” ಎಂದಳು ಅವಳು ನನ್ನ ತಲೆಯ ಮೇಲೆ ಕೈ ಇಟ್ಟು. “ಎರಡ ಹಲ್ಲು ಬಂದಿದ್ವು, ಎರಡೂ ಚೂರಿ.” ಎಲ್ಲರೂ ಅಳುತ್ತಲೇ ನಕ್ಕರು. ಆಮೇಲೆ ಅವಳು ಆಯಿಯ ಕಡೆ ನೋಡಿ ದನಿ ಏರಿಸಿದಳು. “ಆತಲ್ರಿ ಮಂಗಲ? ಇನ್ನರೆ ಉಣ್ರಿ ಅವ್ವಾರ. ಗುಳಗಿ ನುಂಗಿ ಎಷ್ಟ ಹೊತ್ತಾತು!”

ಅವ್ವ ಎರಡು ತಾಟು ತಂದು ಆಯಿಗೂ ಅವಳಿಗೂ ಎದುರುಬದುರು ಇಟ್ಟಳು. ಆಯಿಯ ಬೆರಳಿಗೆ ರೊಟ್ಟಿ ಮುರಿಯುವ ಬಲವಿರಲಿಲ್ಲ. ಎದುರಿಗೆ ಕೂತವಳು ಮುರಿದು, ಬೇಳೆಯಲ್ಲಿ ಅದ್ದಿ, ಆಯಿಯ ಬಾಯಿಗೆ ಹಿಡಿದಳು. ಆಯಿ ಬಾಯಿ ತೆರೆದಳು. ಆಮೇಲೆ ಆ ಹೆಂಗಸು ತನ್ನ ತಾಟಿನ ಕಡೆ ತಿರುಗಿದಳು. ನನಗೆ ಆಗ ಇಪ್ಪತ್ತು ವರ್ಷ. ಅವಳು ನಮ್ಮ ಮನೆಯೊಳಗೆ ಕೂತು ಉಂಡದ್ದು ಅದೇ ಮೊದಲು.